ಮಡಿಕೆಯ ಕಡೆಗೆ ಹಾರುವ ಹಕ್ಕಿಗಳು

ಮನೆಯಿಂದ,
ಫೆಬ್ರುವರಿ ೧೦, ಮಂಗಳವಾರ, ಮಧ್ಯಾಹ್ನ

ಮಾತು ಬಿಟ್ಟ ಮೊಮ್ಮಗಳು ಕಡ್ಡಿಗೆ, ಮಾತು ಬಿಡಲು ಬಾರದ ಅಜ್ಜಿಯ ಆಶೀರ್ವಾದ.

ಲಕೋಟೆಯನ್ನು ಮತ್ತೆ ಬೆರಳು ತೂರಿಸಿ ಹರಿದೆಯಲ್ಲವೇನೇ? ಹರಿದಿರುತ್ತೀಯ, ನನಗೆ ಗೊತ್ತು. ಕಾರ್ಡು, ಲಕೋಟೆ ಮಾಡುವವರ ಮನೆಯಲ್ಲಿ ಬೆಳೆದ ಹುಡುಗಿಗೆ ಒಂದು ಚಾಕು ಹುಡುಕುವಷ್ಟು ತಾಳ್ಮೆ ಇಲ್ಲ. ಇದನ್ನು ನಾನೇ ಕತ್ತರಿಸಿ, ಮಡಿಸಿ, ಅಂಟಿಸಿದ್ದು. ಅಂಚು ನೋಡು, ಕೂದಲೆಳೆಯಷ್ಟೂ ಓರೆ ಇಲ್ಲ. ಈಗ ನೀನು ಅದನ್ನು ನಾಯಿ ಕಚ್ಚಿದ ಹಾಗೆ ಮಾಡಿಟ್ಟಿದ್ದೀಯ. ಹೋಗಲಿ. ಒಳಗೆ ದಾರ ಕಟ್ಟಿದ ಒಂದು ಸಣ್ಣ ಪೊಟ್ಟಣ ಇದೆ. ಅದನ್ನು ಈಗ ಬಿಚ್ಚಬೇಡ. ಪತ್ರ ಕೊನೆಯವರೆಗೆ ಓದಿದ ಮೇಲೆಯೇ ಬಿಚ್ಚಬೇಕು. ಇಷ್ಟು ಹೊತ್ತಿಗೆ ನಿನ್ನ ಕೈ ದಾರದ ಮೇಲೆ ಹೋಗಿರುತ್ತದೆ, ತೆಗೆ ಕೈ. ಹಾಗೇ ಇದನ್ನು ಓದುತ್ತಿರುವುದು ಕಡ್ಡಿಯಲ್ಲ, ಅವಳ ಕೋಣೆಯ ಜೊತೆಗಾತಿ ಅಂತಾದರೆ, ಅಮ್ಮಾ ತಾಯಿ, ಇಲ್ಲಿಗೇ ಮಡಿಸಿ ಅವಳ ದಿಂಬಿನ ಮೇಲೆ ಇಟ್ಟು ನಿನ್ನ ಕೆಲಸ ನೋಡಿಕೋ.

ಆರೋಗ್ಯ ಹೇಗಿದೆ? ಚಳಿಗೆ ನಿನ್ನ ಎಡಗಿವಿ ನೋಯುತ್ತದೆ, ಹತ್ತಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ. ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ದಿನವಿಡೀ ಬಗ್ಗಿ ಗೆರೆ ಎಳೆಯಬೇಕಂತೆ ಎಂದು ಪಕ್ಕದ ಮನೆಯ ದರ್ಜಿಯಮ್ಮ ಹೇಳಿದಳು. ಅವಳಿಗೆ ನೀನು ಫೋನು ಮಾಡುತ್ತೀಯ, ಅದೂ ಗೊತ್ತು. ಅವಳ ಬಾಯಿಯಲ್ಲಿ ಗುಂಡುಪಿನ್ನು ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ನಾನು ಮಾಡಿದರೆ ಮಾತ್ರ ನಿನ್ನ ಫೋನು ಬಡಕೊಂಡು ಬಡಕೊಂಡು ಸುಮ್ಮನಾಗುತ್ತದೆ. ನಾಲ್ಕು ತಿಂಗಳಾಯಿತು. ಬಗ್ಗಿ ಕೂರುವಾಗ ಕಾಲ ಕೆಳಗೆ ಒಂದು ಮಣೆ ಇಟ್ಟುಕೋ, ಇಲ್ಲದಿದ್ದರೆ ಮೂವತ್ತಕ್ಕೇ ನನ್ನ ಸೊಂಟ ನಿನಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನನ್ನು ಕಡ್ಡಿ ಅಂತ ಕರೆದದ್ದು ತಾತ, ಆದರೆ ಆ ಹೆಸರನ್ನು ಉಳಿಸಿಕೊಳ್ಳಲೇಬೇಕು ಅಂತ ಹಟವೇನೂ ಬೇಡ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದೆ ಏನು. ಮೊಣಕಾಲು ಹಳೇ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ. ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡ ದಿನವೇ ಗೊತ್ತಾಯಿತು, ಮನೆಯಲ್ಲಿ ಎಷ್ಟು ಧೂಳಿದೆ ಅಂತ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿದ್ದರೆ ನಗಬೇಡ. ಕಿಟಕಿ ಪಕ್ಕದ ದೊಡ್ಡ ಮೇಜು ಹಾಗೇ ಇದೆ. ಈ ಕಡೆ ನನ್ನ ಅಡಿಪಟ್ಟಿ, ಚಾಕು, ಅಂಟಿನ ಡಬ್ಬಿ. ಆ ಕಡೆ ತಾತನ ಉಳಿಗಳು, ಶಾಯಿಮೆತ್ತೆಗಳು. ನಡುವೆ ನೀನು ಕೂರುತ್ತಿದ್ದ ಎತ್ತರದ ಸ್ಟೂಲು. ಅದರ ಮೇಲೆ ಈಗ ರದ್ದಿ ಕಾಗದದ ಕಟ್ಟು ಇಟ್ಟಿದ್ದೇನೆ. ಖಾಲಿ ಬಿಟ್ಟರೆ ಎದ್ದೆದ್ದು ಕಾಣುತ್ತದೆ.

ಹೋದ ವಾರ ಪೇಟೆಬೀದಿಯ ಕಾಗದದ ಅಂಗಡಿಯವನು ಬಂದಿದ್ದ. ಕೂರು ಅಂದರೂ ಕೂರದೆ, ಕನ್ನಡಕ ಒರೆಸಿಕೊಂಡು, “ಅಜ್ಜೀ, ಚಳಿಗಾಲದ ಕಾರ್ಡಂತೂ ಆಗಲಿಲ್ಲ, ನಾನೂ ಕೇಳಲಿಲ್ಲ. ಚಿಗುರಿನ ಕಾರ್ಡೂ ಈ ವರ್ಷ ಬಿಟ್ಟುಬಿಡೋಣ್ವಾ? ಯಂತ್ರದಲ್ಲಿ ಹೊಡೆದಿದ್ದನ್ನೇ ತರಿಸ್ಕೊಳ್ತೀನಿ” ಅಂದ. ಪಾಪ, ಒಳ್ಳೆಯ ಮಾತೇ. ನನಗೆ ಮೈಯೆಲ್ಲ ಉರಿದು ಹೋಯಿತು. “ಸತ್ತಿರೋದು ಅವ್ರು, ನಾನಲ್ಲ. ಇನ್ನೂರು ಅಂತ ಬರ್ಕೋ” ಅಂದುಬಿಟ್ಟೆ. ಅವನು ಮೆಟ್ಟಿಲು ಇಳಿದ ಮೇಲೆ, ಒತ್ತುವವರು ಯಾರು ಅಂತ ಯೋಚನೆ ಹತ್ತಿತು. ನಲವತ್ತೊಂದು ವರ್ಷ ಈ ಮೇಜಿನ ಮುಂದೆ ಕೂತಿದ್ದೇನೆ, ಒಂದೇ ಒಂದು ಸಲವೂ ನಾನು ಅಚ್ಚು ಒತ್ತಿದವಳಲ್ಲ, ಆ ಒಂದು ಕಾರ್ಡು ಬಿಟ್ಟರೆ. ಅದರ ವಿಷಯಕ್ಕೇ ಬರುತ್ತೇನೆ, ತಾಳು.

ನಮ್ಮಲ್ಲಿ ಕೆಲಸ ಹಂಚಿಕೆ ಹಾಗೆ ಇತ್ತು, ನಿನಗೆ ಗೊತ್ತೇ ಇದೆ. ಕಾಗದ ನನ್ನದು, ಅಚ್ಚು ಅವರದು. ಕಾಗದಕ್ಕೂ ಒಂದು ನೇರ ಇರುತ್ತದೆ, ಆ ನೇರಕ್ಕೆ ಮಡಿಸಿದರೆ ಮಾತು ಕೇಳುತ್ತದೆ, ಅಡ್ಡಕ್ಕೆ ಮಡಿಸಿದರೆ ಒಡೆದು ಜೂಲು ಜೂಲಾಗುತ್ತದೆ. ಅದನ್ನು ನಾನು ತುದಿ ಬಗ್ಗಿಸಿ ನೋಡಿಯೇ ಹೇಳುತ್ತಿದ್ದೆ. ಮಡಿಸಿ, ಚಮಚದ ಹಿಡಿಯಿಂದ ಮಡಿಕೆ ಉಜ್ಜಿ ಆ ಕಡೆ ತಳ್ಳಿದರೆ ತಾತ ಅಚ್ಚು ಒತ್ತಿ ಒಣಗಲು ಇಡುತ್ತಿದ್ದರು. ದಿನವೆಲ್ಲ ಸೇರಿ ಹತ್ತು ಮಾತು ಆಡುತ್ತಿರಲಿಲ್ಲ, ಅದರಲ್ಲಿ ಎಂಟು ನನ್ನವು. ಕಾಲಕ್ಕೊಂದರಂತೆ ವರ್ಷಕ್ಕೆ ನಾಲ್ಕು ಕಾರ್ಡು. ಬಿಸಿಲಿಗೆ ಕೊಡೆ, ಚಳಿಗೆ ಮುಚ್ಚಿದ ಕಿಟಕಿ. ಎಲೆ ಉದುರುವ ಕಾಲಕ್ಕೂ ಚಿಗುರಿನ ಕಾಲಕ್ಕೂ ಮಾತ್ರ ಹಕ್ಕಿಗಳು, ಅದೇ ಐದು ಹಕ್ಕಿ. ನೀನು ಆರು ವರ್ಷದವಳಿದ್ದಾಗ ಕೇಳಿದ್ದೆ, ಎರಡಕ್ಕೂ ಅದೇ ಹಕ್ಕಿ ಯಾಕೆ, ತಾತ ಸೋಮಾರಿಯಾ ಅಂತ. ಅವರು ಎರಡು ಕಾರ್ಡು ಪಕ್ಕ ಪಕ್ಕ ಇಟ್ಟು ತೋರಿಸಿದರು. “ನೋಡು ಕಡ್ಡಿ, ಈ ಮಡಿಕೆ ಇದೆಯಲ್ಲ, ಇದು ಮನೆ. ತೆರೆದ ಅಂಚು ದಾರಿ. ಎಲೆ ಉದುರುವಾಗ ಹಕ್ಕಿ ದಾರಿ ಕಡೆ ಹೋಗುತ್ತೆ. ಚಿಗುರುವಾಗ ಮಡಿಕೆ ಕಡೆ ಬರುತ್ತೆ.” ಎರಡಕ್ಕೆ ಎರಡು ಅಚ್ಚು. ಹೋಗುವ ಹಕ್ಕಿಗೆ ಕಂದು ಶಾಯಿ, ಬರುವ ಹಕ್ಕಿಗೆ ಹಸಿರು. ಅವತ್ತಿಂದ ನೀನು ಬೇರೆಯವರ ಮನೆಯ ಕಾರ್ಡುಗಳನ್ನೆಲ್ಲ ತಿರುಗಿಸಿ ನೋಡಿ, “ಇವರ ಹಕ್ಕಿಗೆ ದಾರಿ ತಪ್ಪಿದೆ” ಅಂತ ಹೇಳಿ ನನ್ನ ಮಾನ ಕಳೆಯುತ್ತಿದ್ದೆ.

ಆಮೇಲೆ ನಿನ್ನ ಬಸವನಹುಳು. ಏಳನೇ ವರ್ಷದಲ್ಲಿ, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ, ತಾತನ ಸಣ್ಣ ಉಳಿ ಕದ್ದು ಕೆತ್ತಿದ್ದು. ಬೆರಳು ಕೊಯ್ದುಕೊಂಡು ನನ್ನ ಸೆರಗಿಗೆಲ್ಲ ರಕ್ತ ಮಾಡಿದ್ದೆ. ನನಗಂತೂ ಅದು ಬಸವನಹುಳುವೋ ಬಿಚ್ಚಿ ಬಿದ್ದ ಪೇಟವೋ ಇವತ್ತಿಗೂ ಗೊತ್ತಾಗಿಲ್ಲ. ತಾತ ಮಾತ್ರ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅವತ್ತಿನಿಂದ ಪ್ರತಿ ಕಾರ್ಡಿನ ಹಿಂಬದಿಯ ಮೂಲೆಯಲ್ಲಿ ಒತ್ತತೊಡಗಿದರು. ಎಲ್ಲ ಮುಗಿದು, ಒಣಗಿ, ಬೆಳಕಿಗೆ ಹಿಡಿದು ನೋಡಿದ ಮೇಲೆ, ಕಟ್ಟಕಡೆಗೆ ಅದು. ತಾತ ನೋಡಿದ್ದಾರೆ, ಸರಿಯಿದೆ ಅಂತ ಅದರ ಅರ್ಥ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ನೀನು ಓದಲು ಊರು ಬಿಟ್ಟ ಮೇಲೆ ಕಾಲಕ್ಕೊಂದು ಕಾರ್ಡು ನಿನಗೆ ಬರುತ್ತಿತ್ತು, ಒಳಗೆ ಒಂದು ಅಕ್ಷರವೂ ಇಲ್ಲದೆ. ಅವರಿಗೆ ಬರೆಯಲು ಬೇಜಾರು. ಹಿಂದೆ ಬಸವನಹುಳು ಇದ್ದರೆ ಸಾಕು, ತಾತ ಚೆನ್ನಾಗಿದ್ದಾರೆ ಅಂತ ನಿನಗೆ ತಿಳಿಯುತ್ತಿತ್ತು.

ಹಾಗೆ ತಿಳಿಯುತ್ತದೆ ಅಂತ ಗೊತ್ತಿದ್ದೇ ನಾನು ಅದನ್ನು ಒತ್ತಿದೆ.

ಅಕ್ಟೋಬರಿನ ಆ ಸಂಗತಿಯನ್ನು ನೀನು ಬಾಗಿಲಲ್ಲೇ ನಿಂತು ಕೇಳಿದೆ, ನಾನು ಬಾಗಿಲಲ್ಲೇ ನಿಂತು ಹೇಳಿದೆ. ಅರ್ಧ ಹೇಳಿದೆ. ಈಗ ಕ್ರಮವಾಗಿ ಬರೆಯುತ್ತೇನೆ. ಅವತ್ತು ಬೆಳಿಗ್ಗೆ ಮೇಜಿನ ಮುಂದೆ ಕೂತಿದ್ದವರು ಹಾಗೇ ಬಲಕ್ಕೆ ವಾಲಿದರು. ನಾನು ಏನೋ ಬಿದ್ದಿದ್ದನ್ನು ಎತ್ತಿಕೊಳ್ಳುತ್ತಿದ್ದಾರೆ ಅಂದುಕೊಂಡು, ನೆಟ್ಟಗೆ ಕೂತ್ಕೊಳ್ಳಿ ಅಂತ ಗದರಿದೆ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿತ್ತು. ದರ್ಜಿಯಮ್ಮನ ಗಂಡ ಗಾಡಿ ತಂದ, ಆಸ್ಪತ್ರೆಗೆ ಸೇರಿಸಿದೆವು. ನಿನ್ನ ಕೊನೆಯ ಪರೀಕ್ಷೆಗಳು ಮುಗಿಯಲು ಆಗ ಹನ್ನೊಂದು ದಿನ ಇತ್ತು. ನಿನ್ನ ಅಮ್ಮ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಅವತ್ತಿಂದ ನಿನ್ನನ್ನು ಆ ಪರೀಕ್ಷೆಯವರೆಗೆ ತರಲು ನಾವಿಬ್ಬರೂ ಏನು ಮಾಡಿದೆವು ಅಂತ ಹೇಳಿಕೊಳ್ಳುವುದಿಲ್ಲ. ಡಾಕ್ಟರು, “ಸುಧಾರಿಸ್ತಿದ್ದಾರಮ್ಮ, ಗಾಬರಿ ಬೇಡ” ಅಂದರು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಭಾನುವಾರ ನೀನು ಫೋನು ಮಾಡಿ ತಾತ ಎಲ್ಲಿ ಅಂದಾಗ, ಕಾಗದ ತರಲು ಪೇಟೆಗೆ ಹೋಗಿದ್ದಾರೆ ಅಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅಂದೆ.

ಮಾರನೇ ದಿನ ಅವರು ಎಡಗೈ ಮುಷ್ಟಿ ಮಾಡಿ ಹಾಸಿಗೆಯ ಮೇಲೆ ಒತ್ತಿ ಒತ್ತಿ ತೋರಿಸಿದರು. ನರ್ಸಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಅಚ್ಚಿನ ಪೆಟ್ಟಿಗೆ ಬೇಕು. ಎಲೆ ಉದುರುವ ಕಾಲದ ಕಾರ್ಡು ನಿನಗಿನ್ನೂ ಹೋಗಿರಲಿಲ್ಲವಲ್ಲ, ಹುಷಾರಿಲ್ಲದಿದ್ದರೂ ಲೆಕ್ಕ ತಪ್ಪಿಲ್ಲ ನೋಡು ಅಂತ ನನಗೆ ಖುಷಿಯೇ ಆಯಿತು. ಪೆಟ್ಟಿಗೆ, ಕಂದು ಶಾಯಿಮೆತ್ತೆ, ಮಡಿಸಿದ ನಾಲ್ಕು ಹಾಳೆ ತಂದುಕೊಟ್ಟೆ. ಎಡಗೈಯಲ್ಲಿ ಒಂದು ಹಾಳೆ ಕೆಡಿಸಿದರು. ನಾನು ಅವರ ಕೈಯಿಂದ ಅಚ್ಚು ತೆಗೆದುಕೊಂಡು, ಇನ್ನೊಂದು ಹಾಳೆಯಲ್ಲಿ ನಾನೇ ನೀಟಾಗಿ ಒತ್ತಿದೆ. ಹಿಂದೆ ಬಸವನಹುಳುವನ್ನೂ ಒತ್ತಿದೆ. ಅದೇ ದಿನ ಅಂಚೆಗೆ ಹಾಕಿದೆ. ನಿನಗೆ ತಲುಪಿತು. ನೀನು ನೆಮ್ಮದಿಯಿಂದ ಪರೀಕ್ಷೆ ಬರೆದೆ. ಕೊನೆಯ ಪರೀಕ್ಷೆಯ ದಿನ ಮಧ್ಯಾಹ್ನ ಅವರು ಹೋದರು. ಮಾರನೇ ದಿನ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ನಿನಗೆ ಸಿಕ್ಕಿದ್ದು ತೊಳೆದು ಒಣಹಾಕಿದ ಅವರ ಎರಡು ಅಂಗಿ.

ಆ ಬಾಗಿಲಲ್ಲಿ ನೀನು ನನ್ನನ್ನು ಎರಡೇ ಮಾತು ಕೇಳಿದೆ. “ಅಜ್ಜೀ, ಆ ಬಸವನಹುಳು ಒತ್ತಿದ್ದು ನೀನಾ?” ಹೌದು ಅಂದೆ. “ತಾತ ನನ್ನನ್ನ ಕೇಳಲೇ ಇಲ್ವಾ?” ಇಲ್ಲ ಅಂದೆ. ಮಾತೇ ಹೋದವರು ಹೇಗೆ ಕೇಳುತ್ತಾರೆ ಅಂತಲೂ ಸೇರಿಸಿದೆ, ನನ್ನ ನಾಲಿಗೆಗೆ ಅಷ್ಟಕ್ಕೇ ನಿಂತು ಅಭ್ಯಾಸವಿಲ್ಲ. ನೀನು ಚೀಲ ಕೆಳಗೂ ಇಡದೆ ಸಂಜೆಯ ಬಸ್ಸಿಗೆ ಹೊರಟುಹೋದೆ.

ಬಸವನಹುಳು ಒತ್ತಿದ್ದು ತಪ್ಪು ಕಣೇ. ಸುಳ್ಳನ್ನು ಬಾಯಲ್ಲಿ ಹೇಳಿದ್ದರೆ ಒಂದು ಥರ. ನಿನ್ನ ಕೈಯಾರೆ ಕೆತ್ತಿದ್ದನ್ನೇ ಹಿಡಿದು ನಿನಗೆ ಸುಳ್ಳು ಹೇಳಿದೆ. ನಾಲ್ಕು ತಿಂಗಳಿಂದ ಈ ಒಂದು ಸಾಲು ಬರೆಯಲು ಕೂತು ಎದ್ದು, ಕೂತು ಎದ್ದು, ಅಷ್ಟರಲ್ಲಿ ನನ್ನ ಮೊಣಕಾಲೂ ಸವೆಯಿತು. ತಪ್ಪಾಯಿತು. ಬರೆದಿದ್ದೇನೆ, ಇನ್ನೊಂದು ಸಲ ಬರೆ ಅನ್ನಬೇಡ.

ದರ್ಜಿಯಮ್ಮ ನಿನ್ನನ್ನು ಕೇಳಿದಳು. ನಿನಗೆ ಕಚೇರಿಗೆ ಹಾಕಿಕೊಂಡು ಹೋಗಲು ಎರಡು ಅಂಗಿ ಹೊಲಿದಿಟ್ಟಿದ್ದಾಳೆ, ಅಳತೆ ಹಳೆಯದೇ ಇಟ್ಟಿದ್ದಾಳಂತೆ, ದಪ್ಪ ಆಗಿರೋ ನಂಬಿಕೆ ಅವಳಿಗೂ ಇಲ್ಲ. ಕಾಗದದ ಅಂಗಡಿಯವನೂ ನೆನೆಸಿಕೊಂಡ. ಕಿವಿಗೆ ಹತ್ತಿ ಮರೆಯಬೇಡ. ನೀನು ಎಳೆಯುವ ಗೆರೆಗಳೆಲ್ಲ ನೆಟ್ಟಗಿರಲಿ, ಬೆನ್ನೂ ನೆಟ್ಟಗಿರಲಿ, ನೂರು ವರ್ಷ ಬಾಳು.

ಇಂತು,
ನಿನ್ನ ಬಾಯಿಬಡುಕಿ ಅಜ್ಜಿ

ಮರೆತೆ ಅಂತ ತಿಳಿಯಬೇಡ, ಮರೆತಿರಲಿಲ್ಲ. ಹೇಳಬೇಕಾದ ಒಂದನ್ನು ಬಿಟ್ಟು ಇಷ್ಟು ಹಾಳೆ ತುಂಬಿಸಿದೆ. ದರ್ಜಿಯಮ್ಮ ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ.

ಶನಿವಾರ ಚಿಗುರಿನ ಕಾರ್ಡು ಶುರುಮಾಡೋಣ ಅಂತ ಅಚ್ಚಿನ ಪೆಟ್ಟಿಗೆ ತೆಗೆದೆ. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ತೆಗೆದೇ ಇರಲಿಲ್ಲ. ಚಿಗುರಿನ ಅಚ್ಚು ಹೊರಗೆ ಬಂತು ನೋಡು, ಅದರ ಮೇಲೆ ಕಂದು ಶಾಯಿ. ಐದೂ ಹಕ್ಕಿಯ ರೆಕ್ಕೆಯ ಸಂದಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಹಸಿರು ಬಿಟ್ಟು ಬೇರೆ ಬಣ್ಣ ಕಾಣದ ಅಚ್ಚು ಅದು. ಮೊದಲು ನನಗೇನೂ ತೋಚಲಿಲ್ಲ. ಆಮೇಲೆ ಆ ದಿನ ಪೂರ್ತಿ ಕಣ್ಣ ಮುಂದೆ ಬಂತು.

ನಾನು ಪೆಟ್ಟಿಗೆಯನ್ನು ಅವರ ಹಾಸಿಗೆಯ ಮೇಲಿಟ್ಟು ನೀರು ಹಿಡಿಯಲು ಹೋಗಿದ್ದೆ. ವಾಪಸು ಬಂದಾಗ ಅವರ ಕೈಯಲ್ಲಿ ಚಿಗುರಿನ ಅಚ್ಚು ಇತ್ತು, ಒತ್ತಿ ಆಗಿತ್ತು, ಆ ಕಾರ್ಡನ್ನು ನನ್ನ ಕಡೆ ಚಾಚಿದ್ದರು. ನಾನು, “ಅಯ್ಯೋ, ಇದು ಚಿಗುರಿಂದು! ಈಗ ಯಾವ ಕಾಲ ಅಂತಾನೂ ಮರೆತುಹೋಯ್ತಾ?” ಅಂತ ಅಚ್ಚನ್ನು ಕಿತ್ತುಕೊಂಡೆ. ಅವರು ತಲೆ ಅಲ್ಲಾಡಿಸಿದರು. ನಾನು ಇನ್ನೊಂದನ್ನು, ಹೋಗುವ ಹಕ್ಕಿಯದನ್ನು, ತೆಗೆದು ನಾನೇ ಒತ್ತಿದೆ. ಅವರು ಮತ್ತೆ ತಲೆ ಅಲ್ಲಾಡಿಸಿದರು. ಸುಮ್ಮನಿರಿ, ಆಯಾಸ ಆಗುತ್ತೆ ಅಂದೆ.

ಮೇಲಿನ ತಟ್ಟೆಯಲ್ಲಿ, ಕೈಗೆ ಸಿಗುವ ಹಾಗೆ ಇದ್ದದ್ದು ಹೋಗುವ ಹಕ್ಕಿಯ ಅಚ್ಚು. ಚಿಗುರಿನದು ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ ಎರಡು ಗಂಟು ಹಾಕಿದ್ದು. ಗಂಟು ಹಾಕಿದವಳು ನಾನೇ, ನನ್ನ ಗಂಟು ಹೇಗಿರುತ್ತೆ ಅಂತ ನಿನಗೆ ಗೊತ್ತು. ಒಂದೇ ಕೈಯಲ್ಲಿ ಅವರು ಮೇಲಿನ ತಟ್ಟೆ ಎತ್ತಿಟ್ಟಿದ್ದಾರೆ, ಗಂಟು ಬಿಚ್ಚಿದ್ದಾರೆ. ಕೈತಪ್ಪಿ ತೆಗೆದುಕೊಂಡವರು ಎರಡು ಗಂಟು ಬಿಚ್ಚುತ್ತಾರೇನೇ? ಅವರು ತಪ್ಪಿರಲಿಲ್ಲ. ಅವರಿಗೆ ಉಳಿದಿದ್ದ ಒಂದೇ ಮಾತು ಅದು. ಬಾ ಅಂತ. ಅದನ್ನು ನಾನು ತಿದ್ದಿ, ಹೋಗು ಅಂತ ಮಾಡಿ, ಹಿಂದೆ ಬಸವನಹುಳು ಒತ್ತಿ ನಿನಗೆ ಕಳಿಸಿದೆ. “ಅಜ್ಜ ಬಾಗಿಲ ಕಡೆನೇ ನೋಡ್ತಾ ಇರ್ತಾರೆ” ಅಂತ ನರ್ಸು ಎರಡು ಸಲ ಹೇಳಿದಳು. ಗಾಳಿ ಬರಲಿ ಅಂತ ಇರಬೇಕು ಅಂತ ನಾನು ಬಾಗಿಲು ಪೂರ್ತಿ ತೆರೆದಿಟ್ಟೆ.

ತಾತ ನಿನ್ನನ್ನು ಕೇಳಿದ್ದರು, ಕಡ್ಡಿ. ಇಲ್ಲ ಅಂದದ್ದು ನನಗೆ ಗೊತ್ತಾಗದೆ ಅಂದ ಮಾತು, ಆದರೂ ಅಂದವಳು ನಾನೇ.

ಅವರು ಒತ್ತಿದ ಆ ಕಾರ್ಡು ನಿನ್ನ ಸ್ಟೂಲಿನ ಮೇಲಿದ್ದ ರದ್ದಿ ಕಟ್ಟಿನಲ್ಲಿ ಸಿಕ್ಕಿತು. ಈಗ ಪೊಟ್ಟಣ ಬಿಚ್ಚು, ಅದರಲ್ಲಿದೆ. ಒಂದು ಕಡೆ ಶಾಯಿ ಜಾಸ್ತಿ, ಕೊನೆಯ ಹಕ್ಕಿಗೆ ಒಂದೇ ರೆಕ್ಕೆ, ಆದರೆ ಐದೂ ಮಡಿಕೆಯ ಕಡೆಗೇ ಹಾರುತ್ತಿವೆ. ಹಿಂಬದಿಯಲ್ಲಿ ನಾನು ಪೆನ್ಸಿಲಿನಲ್ಲಿ ಆಸ್ಪತ್ರೆಗೆ ಬೇಕಾದ ಸಾಮಾನು ಬರೆದುಕೊಂಡಿದ್ದೇನೆ, ಸೋಪು, ಟವೆಲು, ಲೋಟ ಅಂತ. ಅದನ್ನು ಅಳಿಸಲಿಲ್ಲ, ಹಾಗೇ ನೋಡು. ಮೂಲೆಯಲ್ಲಿ ಬಸವನಹುಳು ಇಲ್ಲ, ಅಷ್ಟರವರೆಗೆ ನಾನು ಅವರನ್ನು ಬಿಡಲಿಲ್ಲವಲ್ಲ. ರಬ್ಬರನ್ನೂ ಪೊಟ್ಟಣದಲ್ಲೇ ಇಟ್ಟಿದ್ದೇನೆ. ಈ ಮನೆಯಲ್ಲಿ ಅದನ್ನು ಮುಟ್ಟುವ ಯೋಗ್ಯತೆ ಇರುವವರು ಈಗ ಯಾರೂ ಇಲ್ಲ. ಕಾರ್ಡು ಸರಿಯಿದೆ ಅಂತ ಕಂಡರೆ ನೀನೇ ಒತ್ತು.

ಇನ್ನೊಂದು. ಆ ಅಚ್ಚನ್ನು ನಾನಿನ್ನೂ ತೊಳೆದಿಲ್ಲ. ತೊಳೆದರೆ ಅವರು ಕೊನೆಯದಾಗಿ ಹಚ್ಚಿದ ಶಾಯಿ ಹೋಗುತ್ತದೆ, ತೊಳೆಯದಿದ್ದರೆ ಹಸಿರು ಹಿಡಿಯುವುದಿಲ್ಲ. ಇನ್ನೂರು ಹಾಳೆ ಮಡಿಸಿಟ್ಟು ಕೂತಿದ್ದೇನೆ, ಅಂಗಡಿಯವನು ಒಂದನೇ ತಾರೀಕಿಗೆ ಬರುತ್ತಾನೆ. ಇಷ್ಟು ದಿನ ಎಲ್ಲವನ್ನೂ ನಾನೊಬ್ಬಳೇ ತೀರ್ಮಾನ ಮಾಡಿದೆ, ಇದನ್ನು ಮಾಡುವುದಿಲ್ಲ. ಬೈಯುವುದಿದ್ದರೆ ಬೈದೇ ಬರೆ, ಹಾಳೆ ಎಷ್ಟು ಬೇಕಾದರೂ ಕಳಿಸುತ್ತೇನೆ. ಆದರೆ ಅಚ್ಚು ತೊಳೆಯಲೋ ಬೇಡವೋ, ಅದಕ್ಕೆ ಉತ್ತರ ಮುಂದಿನ ತಿಂಗಳು ಹುಟ್ಟುವುದರೊಳಗೆ ನನ್ನ ಕೈಯಲ್ಲಿರಬೇಕು.